ಪಂಜ್ ನದಿಯ ಗೆರೆ: ತಾಜಿಕರು ಸ್ವಾತಂತ್ರ್ಯಕ್ಕೆ ನಡೆದ ಹಾದಿ

ತಾಜಿಕರು ಮಧ್ಯ ಏಷ್ಯಾದಲ್ಲಿ ಪರ್ಷಿಯನ್ ಬಳಗದ ಭಾಷೆಯನ್ನಾಡುವ ಜನ. ನೆರೆಯ ಉಜ್ಬೆಕ್, ಕಿರ್ಗಿಜ್, ತುರ್ಕ್‌ಮೆನ್ ಜನರ ಮಾತು ತುರ್ಕಿ ಮೂಲದ್ದು. ತಾಜಿಕರ ಮಾತಾದರೋ ಇರಾನಿನ ಫಾರ್ಸಿಗೂ ಅಫ್ಘಾನಿಸ್ತಾನದ ದರಿಗೂ ಒಡಹುಟ್ಟು. ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳ ನಡುವಿನ ಬಯಲು, ಅದರ ಪೂರ್ವಕ್ಕೆ ಪಾಮೀರಿನವರೆಗೆ ಏರುತ್ತ ಹೋಗುವ ಬೆಟ್ಟಗುಡ್ಡಗಳು ಅವರ ಮೂಲ ನೆಲೆ. ಪ್ರಾಚೀನ ಸೊಗ್ದಿಯಾ ಮತ್ತು ಬ್ಯಾಕ್ಟ್ರಿಯಾದ ಜನರೇ ತಮ್ಮ ಪೂರ್ವಜರೆಂದು ಅವರು ಎಣಿಸುತ್ತಾರೆ.

ಅವರ ನೆನಪಿನಲ್ಲಿ ಸುವರ್ಣಯುಗವಾಗಿ ಉಳಿದಿರುವುದು ಸಾಮಾನಿ ಅರಸರ ಕಾಲ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಇಸ್ಮಾಯಿಲ್ ಸಾಮಾನಿ ಬುಖಾರಾವನ್ನು ರಾಜಧಾನಿ ಮಾಡಿಕೊಂಡು ಆಳಿದ. ಅರಬ್ಬರ ದಾಳಿಯ ನಂತರ ಮಂಕಾಗಿದ್ದ ಪರ್ಷಿಯನ್ ಭಾಷೆ ಆ ವಂಶದ ಆಶ್ರಯದಲ್ಲಿ ಹೊಸದಾಗಿ ಕಾವ್ಯಕ್ಕೂ ಆಡಳಿತಕ್ಕೂ ಬಂತು. ಕವಿ ರೂದಕಿ ಬೆಳಗಿದ್ದು ಆ ಆಸ್ಥಾನದಲ್ಲಿ, ವೈದ್ಯ ಇಬ್ನ್ ಸೀನಾ ಓದಿ ಬೆಳೆದದ್ದು ಆ ನಗರದಲ್ಲಿ. 999ರಲ್ಲಿ ಕರಾಖಾನಿ ತುರ್ಕರು ಬುಖಾರಾವನ್ನು ಹಿಡಿದಾಗ ಈ ರಾಜ್ಯ ಮುಗಿಯಿತು. ಮುಂದೆ ಮಂಗೋಲರು ಬಂದರು, ತೈಮೂರನ ವಂಶ ಬಂತು, ಹದಿನಾರನೆಯ ಶತಮಾನದ ಆರಂಭದಲ್ಲಿ ಉಜ್ಬೆಕ್ ಖಾನರು ಬಂದರು. ಮಲೆಗಳ ಸಂದಿಯ ಕೆಲವು ಪಾಳೆಯಪಟ್ಟುಗಳನ್ನು ಬಿಟ್ಟರೆ ಗದ್ದುಗೆಯೆಲ್ಲ ಪರರದಾಯಿತು. ಆದರೆ ದರ್ಬಾರಿನ ಬರಹ, ಮದರಸಾಗಳ ಪಾಠ, ಪೇಟೆಯ ಲೆಕ್ಕಪತ್ರ ಪರ್ಷಿಯನ್ನಿನಲ್ಲೇ ಮುಂದುವರಿದವು. ಆಳುವವರು ಬೇರೆಯವರಾದರೂ ಆಡಳಿತದ ಭಾಷೆ ತಾಜಿಕರದೇ ಆಗಿತ್ತು. ಅದರಿಂದಲೇ ಏನೋ, ಅವರು ತಮ್ಮನ್ನು ಒಂದು ರಾಷ್ಟ್ರವೆಂದು ಕರೆದುಕೊಳ್ಳುವ ಅಗತ್ಯ ಬಹುಕಾಲ ಬೀಳಲಿಲ್ಲ. ಬುಖಾರಾದವನು ಬುಖಾರಿ, ಖುಜಂದಿನವನು ಖುಜಂದಿ, ಊರೇ ಗುರುತು. ಪಟ್ಟಣಗಳಲ್ಲಿ ಬಹುಪಾಲು ಜನ ತಾಜಿಕ್, ಉಜ್ಬೆಕ್ ಎರಡನ್ನೂ ಆಡುತ್ತಿದ್ದರು.

ರಷ್ಯನ್ನರ ಆಗಮನ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಾಜಿಕರ ನೆಲ ಹಲವರ ಕೈಯಲ್ಲಿ ಹಂಚಿಹೋಗಿತ್ತು. ಪಶ್ಚಿಮದಲ್ಲಿ ಮಂಗಿತ್ ವಂಶದ ಬುಖಾರಾ ಅಮೀರ, ಉತ್ತರದಲ್ಲಿ ಕೊಕಂದದ ಖಾನ, ಪೂರ್ವದ ಬೆಟ್ಟಗಳಲ್ಲಿ ಕುಲೋಬ್, ಹಿಸೋರ್, ಕರಾತೆಗಿನ್, ದರ್ವೋಜ್ ಎಂಬ ಅರೆಸ್ವತಂತ್ರ ಬೇಕ್‌ಗಳ ಸೀಮೆಗಳು. ಇವರು ಒಬ್ಬರ ಮೇಲೊಬ್ಬರು ದಂಡೆತ್ತಿ ದಣಿದಿದ್ದ ಹೊತ್ತಿಗೆ ತ್ಸಾರ್ ದೊರೆಯ ಸೇನೆ ಉತ್ತರದಿಂದ ಇಳಿಯಿತು.

1865ರಲ್ಲಿ ತಾಷ್ಕೆಂಟ್ ಬಿತ್ತು. ಮರುವರ್ಷ ಖುಜಂದ್ ಮತ್ತು ಇಂದು ಇಸ್ತರವಶನ್ ಎನಿಸಿರುವ ಉರಾತ್ಯೂಬೆ ಬಿದ್ದವು. 1867ರಲ್ಲಿ ತಾಷ್ಕೆಂಟನ್ನು ಕೇಂದ್ರ ಮಾಡಿಕೊಂಡು ತುರ್ಕಿಸ್ತಾನ ಗವರ್ನರ್-ಜನರಲ್ ಪ್ರಾಂತ ರಚನೆಯಾಯಿತು. ಜನರಲ್ ಕೌಫ್‌ಮನ್ ಅದರ ಮೊದಲ ಮುಖ್ಯಸ್ಥ. 1868ರ ಮೇ ತಿಂಗಳಲ್ಲಿ ಸಮರ್ಕಂದ್ ಅವನ ವಶವಾಯಿತು. ಬುಖಾರಾವನ್ನು ಮುತ್ತುವ ಅಗತ್ಯವೇ ಅವನಿಗೆ ಉಳಿಯಲಿಲ್ಲ. ಬುಖಾರಾದ ತೋಟ, ಹೊಲ, ಕುಡಿಯುವ ಕೊಳ ಎಲ್ಲವೂ ಜರಫ್ಶಾನ್ ನದಿಯ ನೀರನ್ನು ನಂಬಿದ್ದವು. ಆ ನದಿ ಸಮರ್ಕಂದನ್ನು ದಾಟಿಯೇ ಬುಖಾರಾಕ್ಕೆ ಹರಿಯಬೇಕು. ಮೇಲ್ದಂಡೆ ಯಾರದೋ ಕೆಳದಂಡೆಯ ಜೀವವೂ ಅವರ ಕೈಯಲ್ಲಿ. ಅಮೀರ ಮುಜಫ್ಫರ್ ಒಪ್ಪಂದಕ್ಕೆ ಸಹಿ ಹಾಕಿ ಯುದ್ಧದಂಡ ಕಟ್ಟಿದ. 1873ರ ಎರಡನೆಯ ಒಪ್ಪಂದದೊಂದಿಗೆ ಬುಖಾರಾ ರಷ್ಯದ ಆಶ್ರಿತ ರಾಜ್ಯವಾಯಿತು. 1876ರಲ್ಲಿ ಕೊಕಂದದ ಖಾನರ ಆಳ್ವಿಕೆಯನ್ನೇ ರದ್ದುಮಾಡಿ ಆ ಸೀಮೆಯನ್ನು ಸಾಮ್ರಾಜ್ಯಕ್ಕೆ ಸೇರಿಸಿಕೊಳ್ಳಲಾಯಿತು.

ಸೋತ ಅಮೀರನಿಗೆ ಒಂದು ವಿಚಿತ್ರ ಪರಿಹಾರ ಸಿಕ್ಕಿತು. ಪೂರ್ವದ ಬೆಟ್ಟಗಳಲ್ಲಿ ತನಗೆ ತಲೆಬಾಗದ ಬೇಕ್‌ಗಳನ್ನು ರಷ್ಯನ್ನರ ನೆರವು ಮತ್ತು ಒಪ್ಪಿಗೆಯಿಂದ ಅವನು ಒಬ್ಬೊಬ್ಬರನ್ನಾಗಿ ಮಣಿಸಿದ. 1870ರ ದಶಕ ಮುಗಿಯುವಷ್ಟರಲ್ಲಿ ಕರಾತೆಗಿನ್ ಮತ್ತು ದರ್ವೋಜ್ ಕೂಡ ಬುಖಾರಾದ ಅಧೀನಕ್ಕೆ ಬಂದು, ಆ ಸೀಮೆಗೆಲ್ಲ ಪೂರ್ವ ಬುಖಾರಾ ಎಂಬ ಹೆಸರು ನಿಂತಿತು. ಹೀಗೆ ತಾಜಿಕರಲ್ಲಿ ಉತ್ತರದವರು ತ್ಸಾರನ ನೇರ ಪ್ರಜೆಗಳಾದರು; ಪೂರ್ವದವರ ನೆತ್ತಿಯ ಮೇಲೆ ಅಮೀರ, ಅಮೀರನ ನೆತ್ತಿಯ ಮೇಲೆ ತ್ಸಾರ್ ಕೂತರು. ಬುಖಾರಾದ ತೆರಿಗೆ ವಸೂಲಿಗಾರರ ಹಿಂಸೆ ತಾಳಲಾರದೆ 1880ರ ದಶಕದಲ್ಲಿ ಬಲ್ಜುವಾನ್ ಸೀಮೆಯ ರೈತರು ವೋಸೆ ಎಂಬವನ ಮುಂದಾಳುತನದಲ್ಲಿ ದಂಗೆಯೆದ್ದರು. ದಂಗೆಯನ್ನು ಅಡಗಿಸಿ ವೋಸೆಯನ್ನು ಕೊಂದರು. ಆದರೆ ಬೆಟ್ಟದ ಹಾಡುಗಾರರ ಬಾಯಲ್ಲಿ ಅವನು ಉಳಿದ.

ನದಿಯ ಮೇಲೆ ಎಳೆದ ಗಡಿ

ಪಾಮೀರ್ ಪ್ರಸ್ಥಭೂಮಿಯಲ್ಲಿ ರಷ್ಯ ಮತ್ತು ಬ್ರಿಟನ್ ಎದುರುಬದುರಾದವು. ಉತ್ತರದಿಂದ ಇಳಿಯುವ ರಷ್ಯನ್ ಪಡೆ ಭಾರತದ ಬಾಗಿಲಿಗೆ ಬಂದೀತೆಂಬ ಭಯ ಕಲ್ಕತ್ತೆಯ ಬ್ರಿಟಿಷ್ ಸರ್ಕಾರವನ್ನು ಕಾಡುತ್ತಿತ್ತು. 1895ರ ಒಪ್ಪಂದದಲ್ಲಿ ಎರಡೂ ಸಾಮ್ರಾಜ್ಯಗಳು ತಮ್ಮ ನಡುವೆ ವಾಖಾನ್ ಎಂಬ ಕಿರಿದಾದ ಪಟ್ಟಿಯನ್ನು ಅಫ್ಘಾನಿಸ್ತಾನಕ್ಕೆ ಬಿಟ್ಟುಕೊಟ್ಟವು. ಅಮು ದರ್ಯಾದ ಮೇಲ್ಹರಿವಾದ ಪಂಜ್ ನದಿಯೇ ಗಡಿಯಾಯಿತು. ಆ ನದಿಯ ಎರಡೂ ದಡದಲ್ಲಿ ಒಂದೇ ಮಾತು, ಒಂದೇ ನಂಬಿಕೆ, ಒಂದೇ ಬಂಧುಬಳಗ. ಬದಖ್ಶಾನ್, ದರ್ವೋಜ್, ಶುಗ್ನಾನ್, ವಾಖಾನ್ ಎಂಬ ಸೀಮೆಗಳು ನಡುನೀರಿನಲ್ಲಿ ಎರಡಾಗಿ ಸೀಳಿಹೋದವು. ಇಂದಿನ ತಾಜಿಕಿಸ್ತಾನದ ದಕ್ಷಿಣ ಗಡಿ ಹುಟ್ಟಿದ್ದು ಹೀಗೆ, ಅಲ್ಲಿನವರನ್ನು ಒಂದು ಮಾತೂ ಕೇಳದೆ.

ರಷ್ಯನ್ ಆಳ್ವಿಕೆಯ ಜೊತೆಗೆ ರೈಲೂ ಹತ್ತಿಯೂ ಬಂದವು. 1888ರಲ್ಲಿ ರೈಲು ಸಮರ್ಕಂದ್ ತಲುಪಿತು. ಅಮೆರಿಕದ ಹತ್ತಿ ತಳಿ ಫರ್ಗಾನಾ ಕಣಿವೆಯಲ್ಲೂ ಖುಜಂದಿನ ಸುತ್ತಲೂ ಹರಡಿ ಮಾಸ್ಕೋದ ಗಿರಣಿಗಳಿಗೆ ಸರಕಾಯಿತು. ಹೊಟ್ಟೆಯ ಧಾನ್ಯಕ್ಕೆ ಮೀಸಲಾಗಿದ್ದ ಹೊಲಕ್ಕೆ ಹತ್ತಿ ಬಂದು, ರೈತ ಮುಂಗಡ ಸಾಲಕ್ಕೆ ಬಿದ್ದ. ಮೊದಲ ಮಹಾಯುದ್ಧದ ನಡುವೆ 1916ರಲ್ಲಿ ಸ್ಥಳೀಯ ಗಂಡಸರನ್ನು ಯುದ್ಧರಂಗದ ಹಿಂದಿನ ಕೂಲಿಕೆಲಸಕ್ಕೆ ಎಳೆದೊಯ್ಯುವ ತ್ಸಾರನ ಆಜ್ಞೆ ಹೊರಟಿತು. ಜುಲೈನಲ್ಲಿ ಖುಜಂದಿನ ಜನ ಬೀದಿಗಿಳಿದರು, ಗುಂಡು ಹಾರಿತು. ಅಲ್ಲಿ ಹೊತ್ತಿದ ಕಿಡಿ ತುರ್ಕಿಸ್ತಾನದ ಉದ್ದಗಲಕ್ಕೂ ದಂಗೆಯಾಗಿ ಹಬ್ಬಿತು.

ಇದೇ ಹೊತ್ತಿಗೆ ಪೇಟೆಗಳಲ್ಲಿ ಮತ್ತೊಂದು ಬಗೆಯ ಚಲನೆ ನಡೆದಿತ್ತು. ಬುಖಾರಾದ ವಿದ್ವಾಂಸ ಅಹಮದ್ ದೋನಿಶ್ ಅಮೀರನ ರಾಯಭಾರದ ಜೊತೆ ಪೀಟರ್ಸ್‌ಬರ್ಗ್ ಕಂಡುಬಂದವನು. ತನ್ನ ನಾಡು ಎಷ್ಟು ಹಿಂದುಳಿದಿದೆ ಎಂಬುದನ್ನು ಬರೆದಿಟ್ಟ. ಅವನ ಹಾದಿಯಲ್ಲಿ ಬಂದ ಜದೀದಿಗಳು, ಅಂದರೆ ಹೊಸ ಪದ್ಧತಿಯವರು, ಅಕ್ಷರ ಕಲಿಸುವ ಹೊಸ ಶಾಲೆಗಳನ್ನು ತೆರೆದರು. 1912ರಲ್ಲಿ ‘ಬುಖಾರೋಯಿ ಶರೀಫ್’ ಎಂಬ ಪತ್ರಿಕೆ ಹೊರಟಿತು. ಮಧ್ಯ ಏಷ್ಯಾದಲ್ಲಿ ತಾಜಿಕ್ ಪರ್ಷಿಯನ್ನಿನ ಮೊದಲ ಪತ್ರಿಕೆ ಅದೇ. ಅಮೀರ ಆಲಿಂ ಖಾನನಿಗೆ ಇದಾವುದೂ ಹಿಡಿಸಲಿಲ್ಲ. 1917ರಲ್ಲಿ ಸುಧಾರಣೆಯ ಘೋಷಣೆಯನ್ನು ಸ್ವಾಗತಿಸಿ ಮೆರವಣಿಗೆ ಹೊರಟವರ ಮೇಲೆ ಅವನು ಮುಗಿಬಿದ್ದ. ಶಿಕ್ಷಕ, ಲೇಖಕ ಸದ್ರಿದ್ದೀನ್ ಐನಿಯ ಬೆನ್ನಿಗೆ 75 ಛಡಿಯೇಟು ಬಿದ್ದವು. ರಷ್ಯನ್ ಸೈನಿಕರು ಬಿಡಿಸಿ ಆಸ್ಪತ್ರೆಗೆ ಸೇರಿಸಿದ್ದರಿಂದ ಅವನು ಬದುಕಿದ. ಮರುವರ್ಷ ಅವನ ತಮ್ಮನನ್ನು ಅಮೀರ ಕೊಲ್ಲಿಸಿದ. ಸ್ವಂತ ಅಮೀರನಿಗಿಂತ ಹೊರಗಿನ ಕ್ರಾಂತಿಯೇ ವಾಸಿ ಎಂದು ಒಂದು ತಲೆಮಾರಿನ ಓದಿದವರು ಬಗೆದದ್ದಕ್ಕೆ ಕಾರಣ ಇಂಥ ಗಾಯಗಳಲ್ಲಿದೆ.

ಅಮೀರನ ಪತನ, ಬೆಟ್ಟಗಳ ಕದನ

1920ರ ಸೆಪ್ಟೆಂಬರ್ 2ರಂದು ಮಿಖಾಯಿಲ್ ಫ್ರುಂಜೆಯ ಕೆಂಪು ಸೇನೆ ಬುಖಾರಾವನ್ನು ಹಿಡಿಯಿತು. ಬಾಂಬು, ಫಿರಂಗಿಗಳ ಹೊಡೆತಕ್ಕೆ ಹಳೆಯ ಪಟ್ಟಣದ ಒಂದು ಪಾಲು ಉರಿದುಹೋಯಿತು. ಅಮೀರ ಪೂರ್ವ ಬುಖಾರಾಕ್ಕೆ ಓಡಿ ದುಶಾಂಬೆಯಲ್ಲಿ ಕೆಲವು ತಿಂಗಳು ನಿಂತ. 1921ರ ವಸಂತದಲ್ಲಿ ಪಂಜ್ ದಾಟಿ ಅಫ್ಘಾನಿಸ್ತಾನ ಸೇರಿದ. 1944ರಲ್ಲಿ ಕಾಬೂಲಿನಲ್ಲಿ ತೀರಿಕೊಂಡ. ಬುಖಾರಾದಲ್ಲಿ ಜನತಾ ಸೋವಿಯತ್ ಗಣರಾಜ್ಯ ಘೋಷಣೆಯಾಯಿತು.

ಬೆಟ್ಟಗಳು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಹೊಸ ಆಳ್ವಿಕೆಯ ವಿರುದ್ಧ ಎದ್ದವರನ್ನು ಸೋವಿಯತ್ ಸರ್ಕಾರ ಬಸ್ಮಾಚಿಗಳು, ಅಂದರೆ ದಾಳಿಕೋರರು, ಎಂದು ಕರೆಯಿತು. ಅವರಲ್ಲಿ ದೊಡ್ಡ ಹೆಸರು ಲೋಕೈ ಪಂಗಡದ ಇಬ್ರಾಹಿಂ ಬೇಕ್‌ನದು. ಒಟ್ಟೋಮನ್ ಯುದ್ಧಮಂತ್ರಿಯಾಗಿದ್ದ ಎನ್ವರ್ ಪಾಷಾ ಕೂಡ ಬಂದು ಇವರನ್ನು ಕೂಡಿಕೊಂಡು 1922ರ ಫೆಬ್ರವರಿಯಲ್ಲಿ ದುಶಾಂಬೆಯನ್ನು ಹಿಡಿದ. ಅದೇ ವರ್ಷದ ಆಗಸ್ಟ್ 4ರಂದು ಬಲ್ಜುವಾನ್ ಬಳಿಯ ಕಾಳಗದಲ್ಲಿ ಅವನು ಸತ್ತ. ಇಬ್ರಾಹಿಂ ಬೇಕ್ ಅಫ್ಘಾನಿಸ್ತಾನಕ್ಕೆ ಹೋಗಿ ಬಂದು ಕಾದಾಡಿ 1931ರಲ್ಲಿ ಸೆರೆಸಿಕ್ಕ. ಒಂದು ದಶಕದ ಈ ಕದನದಲ್ಲಿ ಹಳ್ಳಿಗಳು ಬರಿದಾದವು, ದನಕರು ಅಳಿದವು, ಸಾವಿರಾರು ಕುಟುಂಬಗಳು ಪಂಜ್ ದಾಟಿ ಆಚೆ ದಡದಲ್ಲಿ ನೆಲೆಸಿದವು. ಮುಂದೆ ಹುಟ್ಟಲಿದ್ದ ತಾಜಿಕ್ ಗಣರಾಜ್ಯಕ್ಕೆ ಸಿಕ್ಕಿದ್ದು ಈ ಸುಟ್ಟ ನೆಲ.

ನಕ್ಷೆಯಲ್ಲಿ ಹುಟ್ಟಿದ ಗಣರಾಜ್ಯ

1924ರಲ್ಲಿ ಮಾಸ್ಕೋ ಮಧ್ಯ ಏಷ್ಯಾವನ್ನು ಜನಾಂಗಗಳ ಲೆಕ್ಕದಲ್ಲಿ ವಿಂಗಡಿಸಲು ಹೊರಟಿತು. ಬುಖಾರಾ, ತುರ್ಕಿಸ್ತಾನ ಎಂಬ ಹಳೆಯ ಹೆಸರುಗಳು ಅಳಿಸಿಹೋದವು. ಉಜ್ಬೆಕಿಸ್ತಾನ, ತುರ್ಕ್‌ಮೆನಿಸ್ತಾನ ಎಂಬ ಹೊಸವು ಬಂದವು. ಅಕ್ಟೋಬರ್ 14ರಂದು ತಾಜಿಕರಿಗೂ ಒಂದು ಘಟಕ ದೊರೆಯಿತು, ಆದರೆ ಉಜ್ಬೆಕಿಸ್ತಾನದ ಒಳಗಿನ ಸ್ವಾಯತ್ತ ಗಣರಾಜ್ಯವಾಗಿ. ಅದರ ಪಾಲಿಗೆ ಬಂದದ್ದು ಪೂರ್ವ ಬುಖಾರಾ, ಜರಫ್ಶಾನಿನ ಮೇಲ್ಕಣಿವೆ ಮತ್ತು ಉರಾತ್ಯೂಬೆಯ ಸೀಮೆ. 1925ರ ಜನವರಿಯಲ್ಲಿ ಪಾಮೀರನ್ನು ಬೆಟ್ಟದ ಬದಖ್ಶಾನ್ ಸ್ವಾಯತ್ತ ಪ್ರಾಂತವಾಗಿ ಇದಕ್ಕೆ ಜೋಡಿಸಿದರು. ತಾಜಿಕ್ ಮಾತು ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದ ಸಮರ್ಕಂದ್ ಮತ್ತು ಬುಖಾರಾ ಉಜ್ಬೆಕಿಸ್ತಾನಕ್ಕೆ ಹೋದವು. ಸಮರ್ಕಂದ್ ಅದರ ಮೊದಲ ರಾಜಧಾನಿಯೂ ಆಯಿತು. ಖುಜಂದೂ ಆಗ ಅತ್ತಲೇ ಉಳಿಯಿತು.

ಈ ಹಂಚಿಕೆಯ ಹಿಂದೆ ಒಂದು ವಾದವಿತ್ತು. ಮಧ್ಯ ಏಷ್ಯಾದವರೆಲ್ಲ ಮೂಲತಃ ತುರ್ಕರೇ, ತಾಜಿಕರೆನ್ನುವವರು ಮಾತು ಮರೆತ ಉಜ್ಬೆಕರಷ್ಟೇ ಎಂದು ಬುಖಾರಾದ ಹೊಸ ನಾಯಕರಲ್ಲಿ ಹಲವರು ನಂಬಿದ್ದರು. ಅವರಲ್ಲಿ ಕೆಲವರ ಮನೆಮಾತೇ ತಾಜಿಕ್ ಎಂಬುದು ಬೇರೆ ಮಾತು. ಬುಖಾರಾ ಗಣರಾಜ್ಯದ ಆಡಳಿತ ಭಾಷೆ ಉಜ್ಬೆಕ್ ಆಗಿತ್ತು. ಜನಗಣತಿಯಲ್ಲಿ ಪೇಟೆಯ ತಾಜಿಕರು ಸಾಲಾಗಿ ಉಜ್ಬೆಕರೆಂದು ಬರೆಸಿಕೊಂಡರು. ಇದಕ್ಕೆ ಉತ್ತರ ಕೊಟ್ಟವನು ಛಡಿಯೇಟು ತಿಂದ ಅದೇ ಐನಿ. 1926ರಲ್ಲಿ ಅವನು ‘ನಮೂನಾಯಿ ಅದಬಿಯೋತಿ ತೋಜಿಕ್’ ಎಂಬ ದಪ್ಪ ಸಂಕಲನವನ್ನು ಹೊರತಂದ. ರೂದಕಿಯಿಂದ ತನ್ನ ಕಾಲದವರೆಗಿನ ಸಾವಿರ ವರ್ಷದ ಕವಿಗಳನ್ನು ಒಂದೆಡೆ ಸಾಲುಗೂಡಿಸಿ, ಈ ನೆಲದಲ್ಲಿ ಈ ಭಾಷೆಗೆ ಬೇರಿದೆ ಎಂಬುದಕ್ಕೆ ಸಾಕ್ಷಿ ಒದಗಿಸಿದ. ಕೆಲವೇ ವರ್ಷಗಳಲ್ಲಿ ಆ ಪುಸ್ತಕ ನಿಷೇಧಕ್ಕೊಳಗಾಯಿತು. ಆದರೆ ವಾದ ಗೆದ್ದಾಗಿತ್ತು.

ಹೊಸ ಗಣರಾಜ್ಯಕ್ಕೆ ಊರಿನಂಥ ಊರೇ ಇರಲಿಲ್ಲ. ರಾಜಧಾನಿಯಾಗಿ ಆರಿಸಿಕೊಂಡ ದುಶಾಂಬೆ ಕೆಲವೇ ಸಾವಿರ ಜನರ ಹಳ್ಳಿ. ತಾಜಿಕ್ ಭಾಷೆಯಲ್ಲಿ ಶಂಬೆ ಎಂದರೆ ಶನಿವಾರ. ಅದರಿಂದ ಎಣಿಸಿದ ಎರಡನೆಯ ದಿನ ದುಶಂಬೆ, ಅಂದರೆ ಸೋಮವಾರ. ಸೋಮವಾರದ ಸಂತೆಯಿಂದಲೇ ಊರಿಗೆ ಆ ಹೆಸರು. ಗರ್ಮ್ ಸೀಮೆಯ ನುಸ್ರತುಲ್ಲೋ ಮಖ್ಸೂಮ್, ಪಾಮೀರಿನ ಶಿರಿನ್‌ಶೋ ಶೋತೆಮೂರ್ ಈ ಸಂತೆಯೂರಿನಲ್ಲಿ ಕೂತು ಸರ್ಕಾರ ಕಟ್ಟಿದರು. ಉಜ್ಬೆಕಿಸ್ತಾನದಿಂದ ಬಿಡುಗಡೆಗಾಗಿಯೂ ತಾಜಿಕ್ ಪಟ್ಟಣಗಳಿಗಾಗಿಯೂ ಮಾಸ್ಕೋದ ಮುಂದೆ ವಾದಿಸಿದರು. ಮಾಸ್ಕೋಗೂ ತನ್ನದೇ ಲೆಕ್ಕವಿತ್ತು. 1925ರ ಶುಭಾಶಯ ಸಂದೇಶದಲ್ಲೇ ಸ್ಟಾಲಿನ್ ತಾಜಿಕಿಸ್ತಾನವನ್ನು ಹಿಂದೂಸ್ತಾನದ ಹೆಬ್ಬಾಗಿಲಲ್ಲಿ ನಿಂತ ಗಣರಾಜ್ಯವೆಂದು ಬಣ್ಣಿಸಿದ್ದ. ಪರ್ಷಿಯಾ, ಅಫ್ಘಾನಿಸ್ತಾನ, ಭಾರತಗಳ ಕಣ್ಣಿಗೆ ಅದೊಂದು ಮಾದರಿಯಾಗಲಿ ಎಂಬುದು ಆಸೆ. 1929ರಲ್ಲಿ ಖುಜಂದ್ ಸೀಮೆಯನ್ನು ತಾಜಿಕಿಸ್ತಾನಕ್ಕೆ ಸೇರಿಸಲಾಯಿತು. ಅಕ್ಟೋಬರ್ 16ರಂದು ಅದು ತಾಜಿಕ್ ಸೋವಿಯತ್ ಸಮಾಜವಾದಿ ಗಣರಾಜ್ಯವೆಂದು ಘೋಷಣೆಯಾಗಿ, ಡಿಸೆಂಬರ್ 5ರಂದು ಒಕ್ಕೂಟದಲ್ಲಿ ಉಜ್ಬೆಕಿಸ್ತಾನಕ್ಕೆ ಸರಿಸಮ ಸ್ಥಾನ ಪಡೆಯಿತು. ದುಶಾಂಬೆಗೆ ರೈಲು ಬಂದದ್ದೂ ಅದೇ ವರ್ಷ. ಊರಿನ ಹೆಸರು ಸ್ಟಾಲಿನಾಬಾದ್ ಆಯಿತು. 1961ರವರೆಗೆ ಹಾಗೆಯೇ ಇತ್ತು. ಸಮರ್ಕಂದ್, ಬುಖಾರಾ ಮಾತ್ರ ಮರಳಲಿಲ್ಲ.

ಈ ಗಡಿಯನ್ನು ಎಳೆದವರು ತಾಜಿಕರಲ್ಲ, ಎಳೆದ ಬಗೆ ನ್ಯಾಯವಾದದ್ದೂ ಅಲ್ಲ. ಆದರೆ ಅರವತ್ತೆರಡು ವರ್ಷಗಳ ನಂತರ ಸ್ವತಂತ್ರ ದೇಶವಾಗಲು ಬೇಕಾದ ಚೌಕಟ್ಟು ಅಂದೇ ಸಿದ್ಧವಾಗಿತ್ತು. ಒಕ್ಕೂಟ ಗಣರಾಜ್ಯಗಳಿಗೆ ಕಾಗದದ ಮೇಲಾದರೂ ಬೇರೆಯಾಗುವ ಹಕ್ಕಿತ್ತು. ಸ್ವಾಯತ್ತ ಗಣರಾಜ್ಯಗಳಿಗೆ ಅದಿರಲಿಲ್ಲ. 1929ರ ಬಡ್ತಿ ಸಿಗದೆ ಹೋಗಿದ್ದರೆ 1991ರಲ್ಲಿ ತಾಜಿಕರು ಉಜ್ಬೆಕಿಸ್ತಾನದ ಒಂದು ಪ್ರಾಂತವಾಗಿ ಉಳಿಯುತ್ತಿದ್ದರು.

ಸೋವಿಯತ್ ಕಾಲದ ಗಳಿಕೆ ಮತ್ತು ಬೆಲೆ

ಸೋವಿಯತ್ ಆಳ್ವಿಕೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು. ಓದುಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ನಾಡಿನಲ್ಲಿ ಹಳ್ಳಿಹಳ್ಳಿಗೂ ಶಾಲೆ ಬಂತು, ಹೆಣ್ಣುಮಕ್ಕಳೂ ಓದಿದರು. 1948ರಲ್ಲಿ ವಿಶ್ವವಿದ್ಯಾಲಯ, 1951ರಲ್ಲಿ ವಿಜ್ಞಾನ ಅಕಾಡೆಮಿ ಹುಟ್ಟಿದವು. ಅಕಾಡೆಮಿಯ ಮೊದಲ ಅಧ್ಯಕ್ಷ ಐನಿ. ಆದರೆ ಓದಿದ ಅಕ್ಷರವೇ ಎರಡು ಬಾರಿ ಬದಲಾಯಿತು. 1920ರ ದಶಕದ ಕೊನೆಯಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಬಂತು. 1940ರಲ್ಲಿ ಲ್ಯಾಟಿನ್ ಹೋಗಿ ರಷ್ಯನ್ನರ ಸಿರಿಲಿಕ್ ಬಂತು. ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರದ, ಕಾಬೂಲು ಟೆಹರಾನುಗಳ ಪತ್ರಿಕೆ ಅರ್ಥವಾಗದ ಸ್ಥಿತಿ ಒದಗಿತು. ಗಣರಾಜ್ಯ ಕಟ್ಟಿದವರನ್ನೂ ಸೋವಿಯತ್ ಆಳ್ವಿಕೆ ಬಿಡಲಿಲ್ಲ. ಮಖ್ಸೂಮ್, ಶೋತೆಮೂರ್ ಇಬ್ಬರನ್ನೂ 1937ರ ಶುದ್ಧೀಕರಣದಲ್ಲಿ ಗುಂಡಿಟ್ಟು ಕೊಂದರು.

ಹತ್ತಿಯ ಹಸಿವು ತ್ಸಾರನ ಕಾಲಕ್ಕಿಂತ ಹೆಚ್ಚಾಯಿತು. 1930ರ ದಶಕದಲ್ಲಿ ವಖ್ಶ್ ಕಣಿವೆಗೆ ಕಾಲುವೆ ತೋಡಿ ಒಣಭೂಮಿಯನ್ನು ಹತ್ತಿಯ ಹೊಲ ಮಾಡಿದರು. ಅಲ್ಲಿ ದುಡಿಯಲು ಬೆಟ್ಟದ ಜನರನ್ನು ಊರೂರೇ ಎಬ್ಬಿಸಿ ತಂದು ಬಯಲಿನ ಸೆಕೆಗೆ ಬಿಟ್ಟರು. 1949ರ ಖಾಯಿತ್ ಭೂಕಂಪದ ನಂತರ ಗರ್ಮ್ ಕಡೆಯಿಂದ ಇನ್ನಷ್ಟು ಕುಟುಂಬಗಳು ಹೀಗೆ ಇಳಿದವು. 1970ರಲ್ಲಿ ಯಗ್ನೋಬ್ ಕಣಿವೆಯನ್ನು ಬರಿದು ಮಾಡಿ, ಪ್ರಾಚೀನ ಸೊಗ್ದಿಯನ್ನಿನ ಕೊನೆಯ ಕುಡಿಯಾದ ಭಾಷೆಯನ್ನಾಡುವವರನ್ನು ಹತ್ತಿ ಬೆಳೆಗೆ ಸಾಗಿಸಿದರು. ಬಯಲಿಗೆ ಬಂದ ಗರ್ಮಿಗಳು, ಕುಲೋಬಿಗಳು, ಪಾಮೀರಿಗಳು ಬೇರೆ ಬೇರೆ ಸಾಮೂಹಿಕ ಕೃಷಿಕೇಂದ್ರಗಳಲ್ಲಿ ನೆಲೆಸಿ ತಮ್ಮ ತಮ್ಮ ಊರಿನ ಗುರುತನ್ನೇ ಕಟ್ಟಿಕೊಂಡು ಉಳಿದರು.

ದೊಡ್ಡ ಕಟ್ಟಡಗಳೂ ಎದ್ದವು. ವಖ್ಶ್ ನದಿಗೆ ಅಡ್ಡಲಾಗಿ ಕಟ್ಟಿದ ನುರೆಕ್ ಅಣೆಕಟ್ಟು 300 ಮೀಟರ್ ಎತ್ತರದ್ದು. 1980ರಲ್ಲಿ ಮುಗಿದಾಗ ಲೋಕದಲ್ಲೇ ಎತ್ತರದ ಅಣೆ. ಅದರ ವಿದ್ಯುತ್ತಿನಿಂದ ರೆಗಾರಿನ ಅಲ್ಯೂಮಿನಿಯಂ ಕಾರ್ಖಾನೆ ನಡೆಯಿತು. ಆದರೂ ಒಕ್ಕೂಟದ ಗಣರಾಜ್ಯಗಳಲ್ಲಿ ತಾಜಿಕಿಸ್ತಾನವೇ ಕಡುಬಡವ. ಅಧಿಕಾರ ಉತ್ತರದವರ ಕೈಯಲ್ಲಿ ಗಟ್ಟಿಯಾಯಿತು. 1936ರಿಂದ ಲೆನಿನಾಬಾದ್ ಎನಿಸಿಕೊಂಡ ಖುಜಂದ್ ಸೀಮೆಯವರೇ 1946ರ ನಂತರ ಸಾಲಾಗಿ ಪಕ್ಷದ ಮೊದಲ ಕಾರ್ಯದರ್ಶಿಗಳಾದರು. ಲೆನಿನಾಬಾದ್ ಆಳುತ್ತದೆ, ಕುಲೋಬ್ ಕಾವಲು ಕಾಯುತ್ತದೆ, ಗರ್ಮ್ ವ್ಯಾಪಾರ ಮಾಡುತ್ತದೆ, ಪಾಮೀರ್ ಕುಣಿಯುತ್ತದೆ ಎಂಬ ಕುಹಕ ಜನರ ಬಾಯಲ್ಲಿ ಓಡಾಡುತ್ತಿತ್ತು.

ಇದರ ನಡುವೆಯೇ ರಾಷ್ಟ್ರದ ಕಥನವೂ ರೂಪುಗೊಂಡಿತು. ಹಾಗೆ ಬಂದ ಕಾರ್ಯದರ್ಶಿಗಳಲ್ಲಿ ಮೊದಲಿಗ ಬೊಬೊಜೋನ್ ಗಫೂರೊವ್ ಸ್ವತಃ ಇತಿಹಾಸಕಾರ. 1956ರಲ್ಲಿ ಮಾಸ್ಕೋದ ಪೌರಸ್ತ್ಯ ಅಧ್ಯಯನ ಸಂಸ್ಥೆಯ ಮುಖ್ಯಸ್ಥನಾಗಿ ಹೋದವನು 1972ರಲ್ಲಿ ‘ತಾಜಿಕರು’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದ. ಸಾಮಾನಿಗಳ ಕಾಲವನ್ನು ತಾಜಿಕ್ ರಾಷ್ಟ್ರದ ಹುಟ್ಟಿನ ಕಾಲವಾಗಿ ಅದು ನಿಲ್ಲಿಸಿತು. ಸೋವಿಯತ್ ಮುದ್ರೆಯೊತ್ತಿ ಬಂದ ಈ ಪುಸ್ತಕವೇ ಮುಂದೆ ಸ್ವತಂತ್ರ ದೇಶದ ಮೂಲಪಾಠವಾಯಿತು.

ಕೇಳದೆ ಬಂದ ಸ್ವಾತಂತ್ರ್ಯ

ಗೋರ್ಬಚೆವ್ ಕಾಲದ ಸಡಿಲಿಕೆ ದುಶಾಂಬೆಗೆ ತಡವಾಗಿ ಮುಟ್ಟಿತು. ಮೊದಲ ಬೇಡಿಕೆ ಭಾಷೆಯದು. 1989ರ ಜುಲೈ 22ರಂದು ತಾಜಿಕ್ ಅನ್ನು ರಾಜ್ಯಭಾಷೆಯೆಂದು ಸಾರುವ ಕಾನೂನು ಬಂತು. ಸೆಪ್ಟೆಂಬರಿನಲ್ಲಿ ಓದಿದವರು ‘ರಸ್ತೋಖೇಜ್’, ಅಂದರೆ ಪುನರುತ್ಥಾನ, ಎಂಬ ಸಂಘಟನೆ ಕಟ್ಟಿದರು. 1990ರ ಫೆಬ್ರವರಿಯಲ್ಲಿ, ಅರ್ಮೇನಿಯನ್ ನಿರಾಶ್ರಿತರಿಗೆ ರಾಜಧಾನಿಯಲ್ಲಿ ಮನೆ ಕೊಡುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಮನೆಗಾಗಿ ವರ್ಷಗಟ್ಟಲೆ ಕಾದಿದ್ದ ಯುವಕರು ಪಕ್ಷದ ಕಚೇರಿಯ ಮುಂದೆ ಸೇರಿದರು. ಗುಂಡಿನ ದಾಳಿ, ಲೂಟಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಆಗಸ್ಟ್ 24ರಂದು ಗಣರಾಜ್ಯದ ಶಾಸನಸಭೆಯಾದ ಸರ್ವೋಚ್ಚ ಸೋವಿಯತ್ ಸಾರ್ವಭೌಮತ್ವ ಘೋಷಿಸಿತು. ಆದರೆ ಅದು ಒಕ್ಕೂಟದ ಒಳಗಿನ ಸಾರ್ವಭೌಮತ್ವ.

ಬಾಲ್ಟಿಕ್ ಗಣರಾಜ್ಯಗಳಂತೆ ತಾಜಿಕಿಸ್ತಾನ ಬಿಡುಗಡೆಗಾಗಿ ಹೋರಾಡಲಿಲ್ಲ. 1991ರ ಮಾರ್ಚ್ 17ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 96ರಷ್ಟು ಮಂದಿ ಒಕ್ಕೂಟ ಉಳಿಯಲಿ ಎಂದರು. ಅದಕ್ಕೆ ಕಾರಣವೂ ಇತ್ತು: ಗಣರಾಜ್ಯದ ಬೊಕ್ಕಸದ ದೊಡ್ಡ ಪಾಲು ಮಾಸ್ಕೋದಿಂದ ಬರುತ್ತಿತ್ತು, ಹೊಲದ ಹತ್ತಿ ರಷ್ಯದ ಗಿರಣಿಗೆ ಹೋಗುತ್ತಿತ್ತು. ಆಗಸ್ಟಿನಲ್ಲಿ ಮಾಸ್ಕೋದ ಕ್ಷಿಪ್ರಕ್ರಾಂತಿ ನೆಲಕಚ್ಚಿದಾಗ, ಸಂಚುಕೋರರ ಕಡೆ ವಾಲಿದ್ದ ಅಧ್ಯಕ್ಷ ಕಹ್ಹೋರ್ ಮಹಕಮೊವ್ ಬೀದಿಯ ಕೂಗಿಗೆ ಮಣಿದು ಆಗಸ್ಟ್ 31ರಂದು ರಾಜೀನಾಮೆ ಕೊಟ್ಟ. 1991ರ ಸೆಪ್ಟೆಂಬರ್ 9ರಂದು ಸರ್ವೋಚ್ಚ ಸೋವಿಯತ್ ಸ್ವಾತಂತ್ರ್ಯ ಘೋಷಿಸಿತು.

ಮುಂದಿನ ಎರಡು ವಾರ ಬಿರುಗಾಳಿಯಂತಿದ್ದವು. ಹಂಗಾಮಿ ಅಧ್ಯಕ್ಷ ಕದ್ರಿದ್ದೀನ್ ಅಸ್ಲೋನೊವ್ ಕಮ್ಯುನಿಸ್ಟ್ ಪಕ್ಷಕ್ಕೆ ತಡೆ ಹಾಕಿದ. ದುಶಾಂಬೆಯ ನಡುಚೌಕದ ಲೆನಿನ್ ಪ್ರತಿಮೆ ಉರುಳಿತು. ಸಿಟ್ಟಿಗೆದ್ದ ಹಳೆಯ ಸದಸ್ಯರು ಸೆಪ್ಟೆಂಬರ್ 23ರಂದು ಅವನನ್ನು ಇಳಿಸಿ ಹಿಂದಿನ ಪಕ್ಷ ಕಾರ್ಯದರ್ಶಿ ರಹಮೋನ್ ನಬಿಯೆವ್‌ನನ್ನು ಕೂರಿಸಿದರು. ನವೆಂಬರ್ 24ರ ಚುನಾವಣೆಯಲ್ಲಿ ಪಾಮೀರಿನ ಚಲನಚಿತ್ರ ನಿರ್ದೇಶಕ ದವ್ಲತ್ ಖುದೋನಜರೊವ್ ವಿರುದ್ಧ ನಬಿಯೆವ್ ಗೆದ್ದ. ಸೋತವರು ಮೋಸವಾಯಿತೆಂದು ದೂರಿದರು. 1992ರ ಮಾರ್ಚ್ 2ರಂದು ತಾಜಿಕಿಸ್ತಾನ ವಿಶ್ವಸಂಸ್ಥೆಯನ್ನು ಸೇರಿತು. ದೇಶ ಬಂದಿತ್ತು, ಅದನ್ನು ಯಾರು, ಹೇಗೆ ಆಳಬೇಕೆಂಬುದು ತೀರ್ಮಾನವಾಗಿರಲಿಲ್ಲ.

ಎರಡು ಚೌಕಗಳು, ಒಂದು ಯುದ್ಧ

1992ರ ಮಾರ್ಚ್ ಕೊನೆಯಲ್ಲಿ, ಪಾಮೀರ್ ಮೂಲದ ಗೃಹಮಂತ್ರಿಯನ್ನು ದೂರದರ್ಶನದಲ್ಲಿ ನೇರಪ್ರಸಾರವಾದ ಸಭೆಯಲ್ಲಿ ಅವಮಾನಿಸಿದರೆಂದು ಪಾಮೀರಿಗಳು ಶಹೀದರ ಚೌಕದಲ್ಲಿ ಧರಣಿ ಕೂತರು. ಇಸ್ಲಾಮಿಕ್ ಪುನರುಜ್ಜೀವನ ಪಕ್ಷ, ಡೆಮಾಕ್ರಟಿಕ್ ಪಕ್ಷ, ರಸ್ತೋಖೇಜ್ ಅವರ ಜೊತೆಗೂಡಿದವು. ಇಸ್ಲಾಮಿಕ್ ಪಕ್ಷದ ಬಲ ಇದ್ದದ್ದು ಗರ್ಮ್ ಮೂಲದವರಲ್ಲಿ. ಅದರ ನಾಯಕ ಸೈಯದ್ ಅಬ್ದುಲ್ಲೋ ನೂರಿಯ ಕುಟುಂಬವೂ ಬೆಟ್ಟದಿಂದ ವಖ್ಶ್ ಬಯಲಿಗೆ ಸಾಗಿಸಲ್ಪಟ್ಟದ್ದೇ. ಸರ್ಕಾರದ ಬೆಂಬಲಿಗರನ್ನು ಕುಲೋಬ್‌ನಿಂದ ಬಸ್ಸುಗಳಲ್ಲಿ ತಂದು ಆಜಾದಿ ಚೌಕದಲ್ಲಿ ಕೂರಿಸಲಾಯಿತು. ಒಂದು ಬೀದಿಯ ಎರಡು ತುದಿಗಳಲ್ಲಿ ಎರಡು ತಾಜಿಕಿಸ್ತಾನಗಳು ವಾರಗಟ್ಟಲೆ ಕೂತವು. ಮೇ ಆರಂಭದಲ್ಲಿ ನಬಿಯೆವ್ ತನ್ನ ಕಡೆಯವರಿಗೆ ಬಂದೂಕು ಹಂಚಿದ. ಯುದ್ಧ ಶುರುವಾಯಿತು.

ಕಾದಾಟದ ಕಣ ವಖ್ಶ್ ಬಯಲಿಗೆ ಸರಿಯಿತು. ದಶಕಗಳ ಹಿಂದೆ ಎತ್ತಿ ತಂದು ಅಕ್ಕಪಕ್ಕದಲ್ಲಿ ಕೂರಿಸಿದ್ದ ಗರ್ಮಿ ಮತ್ತು ಕುಲೋಬಿ ಹಳ್ಳಿಗಳು ಒಂದನ್ನೊಂದು ಸುಟ್ಟವು. ಸೆಪ್ಟೆಂಬರ್ 7ರಂದು ದುಶಾಂಬೆಯ ವಿಮಾನ ನಿಲ್ದಾಣದಲ್ಲಿ ನಬಿಯೆವ್‌ನನ್ನು ತಡೆದ ಬಂದೂಕುಧಾರಿಗಳು ರಾಜೀನಾಮೆ ಬರೆಸಿಕೊಂಡರು. ನವೆಂಬರಿನಲ್ಲಿ ಸರ್ವೋಚ್ಚ ಸೋವಿಯತ್ ಖುಜಂದಿನಲ್ಲಿ ಸೇರಿ, ಅಧ್ಯಕ್ಷ ಪದವಿಯನ್ನೇ ರದ್ದುಮಾಡಿ, ಕುಲೋಬ್ ಸೀಮೆಯ ದಂಗರಾದಲ್ಲಿ ಸರ್ಕಾರಿ ಕೃಷಿಕ್ಷೇತ್ರದ ನಿರ್ದೇಶಕನಾಗಿದ್ದ ಇಮೋಮಲಿ ರಹಮೋನೊವ್‌ನನ್ನು ಸಭಾಧ್ಯಕ್ಷನನ್ನಾಗಿ ಆರಿಸಿತು. ಹಿಂದೆ ಜೈಲುವಾಸ ಕಂಡಿದ್ದ ಸಂಗಕ್ ಸಫರೊವ್ ಕಟ್ಟಿದ ಜನತಾ ರಂಗದ ಪಡೆ ಡಿಸೆಂಬರಿನಲ್ಲಿ ರಾಜಧಾನಿಯನ್ನು ಹಿಡಿಯಿತು. ರಷ್ಯ, ಉಜ್ಬೆಕಿಸ್ತಾನಗಳ ಬೆಂಬಲ ಅದಕ್ಕಿತ್ತು. ಗರ್ಮಿಗಳೂ ಪಾಮೀರಿಗಳೂ ಬೇಟೆಗೊಳಗಾದರು. ಚಳಿಗಾಲದ ಪಂಜ್ ದಾಟಿ ಹತ್ತಾರು ಸಾವಿರ ಜನ ಅಫ್ಘಾನಿಸ್ತಾನಕ್ಕೆ ಓಡಿದರು, 1920ರ ದಶಕದಲ್ಲಿ ಹಿರಿಯರು ಓಡಿದ್ದ ಹಾಗೆಯೇ. ದೇಶದೊಳಗೆ ಮನೆ ಬಿಟ್ಟವರು ಲಕ್ಷಗಟ್ಟಲೆ. ಸತ್ತವರ ಲೆಕ್ಕ 20,000ದಿಂದ 1,00,000ದವರೆಗೆ ಬೇರೆ ಬೇರೆ ಅಂದಾಜುಗಳಲ್ಲಿದೆ. ಸ್ವತಂತ್ರ ದೇಶಕ್ಕೆ ತನ್ನದೇ ನಾಣ್ಯವೂ ಇರಲಿಲ್ಲ. 1995ರ ಮೇ ತಿಂಗಳವರೆಗೆ ಹಳೆಯ ರೂಬಲ್ಲೇ ಚಲಾವಣೆಯಲ್ಲಿತ್ತು.

ಒಪ್ಪಂದ ಮತ್ತು ಅದರಾಚೆ

ಮಾತುಕತೆ 1994ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಮಾಸ್ಕೋದಲ್ಲಿ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಟೆಹರಾನಿನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಅದು ಮತ್ತೆ ಮತ್ತೆ ಮುರಿಯಿತು. ಆ ವರ್ಷದ ನವೆಂಬರಿನಲ್ಲಿ ಹೊಸ ಸಂವಿಧಾನ ಬಂದು ರಹಮೋನೊವ್ ಅಧ್ಯಕ್ಷನಾದ. ಸಂಧಾನಕ್ಕೆ ವೇಗ ತಂದದ್ದು ಪಂಜ್ ಆಚೆಯ ಘಟನೆ. 1996ರ ಸೆಪ್ಟೆಂಬ‌ರಿನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ, ಸರ್ಕಾರದ ಬೆನ್ನಿಗಿದ್ದ ರಷ್ಯಕ್ಕೂ ವಿರೋಧಿಗಳಿಗೆ ಆಶ್ರಯ ಕೊಟ್ಟ ಇರಾನಿಗೂ ದುಶಾಂಬೆಯ ಜಗಳ ಬೇಗ ಮುಗಿಯಬೇಕೆನಿಸಿತು. ಡಿಸೆಂಬರಿನಲ್ಲಿ ರಹಮೋನೊವ್ ಮತ್ತು ನೂರಿ ಉತ್ತರ ಅಫ್ಘಾನಿಸ್ತಾನದ ಒಂದು ಹಳ್ಳಿಯಲ್ಲಿ ಭೇಟಿಯಾದರು. 1997ರ ಜೂನ್ 27ರಂದು ಮಾಸ್ಕೋದಲ್ಲಿ ಶಾಂತಿ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. ವಿರೋಧಿಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 30ರ ಪಾಲು, ಬಂದೂಕುಧಾರಿಗಳಿಗೆ ಸೇನೆಯಲ್ಲಿ ಜಾಗ, ನಿರಾಶ್ರಿತರಿಗೆ ಮರಳುವ ಹಾದಿ, ನೂರಿಯ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸಂಧಾನ ಆಯೋಗ, ಇವು ಅದರ ಮುಖ್ಯಾಂಶಗಳು. 1999ರಲ್ಲಿ ಇಸ್ಲಾಮಿಕ್ ಪಕ್ಷ ಕಾನೂನಿನ ಮಾನ್ಯತೆ ಪಡೆಯಿತು. ಸೋವಿಯತ್ ಪತನದ ನಂತರದ ಮಧ್ಯ ಏಷ್ಯಾದಲ್ಲಿ ಅಂಥ ಪಕ್ಷಕ್ಕೆ ಬೇರೆಲ್ಲೂ ಆ ಅವಕಾಶ ಇರಲಿಲ್ಲ. 2000ದ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವೀಕ್ಷಕರು ಹೊರಟರು.

ಸ್ವಾತಂತ್ರ್ಯದ ಕುರುಹುಗಳು ಶಾಂತಿಯ ನಂತರ ನೆಲೆಯೂರಿದವು. 1999ರಲ್ಲಿ, ಲೆನಿನ್ ಉರುಳಿದ ಅದೇ ಚೌಕದಲ್ಲಿ ಇಸ್ಮಾಯಿಲ್ ಸಾಮಾನಿಯ ಪ್ರತಿಮೆ ನಿಂತಿತು. 2000ದ ಅಕ್ಟೋಬರಿನಲ್ಲಿ ಬಂದ ನಾಣ್ಯಕ್ಕೂ ಅವನದೇ ಹೆಸರು: ಸೋಮೋನಿ. ಆ ಅರಸನ ಗೋರಿ ಮಾತ್ರ ಇಂದಿಗೂ ಉಜ್ಬೆಕಿಸ್ತಾನದ ಬುಖಾರಾದಲ್ಲಿದೆ. ಒಪ್ಪಂದದ ಪಾಲುದಾರಿಕೆ ಕ್ರಮೇಣ ಕರಗಿತು. 2007ರಿಂದ ರಹಮೋನ್ ಎಂದು ಹೆಸರು ಬದಲಿಸಿಕೊಂಡ ಅಧ್ಯಕ್ಷನ ಕೈಗೆ ಅಧಿಕಾರವೆಲ್ಲ ಸೇರಿತು. 2015ರಲ್ಲಿ ಇಸ್ಲಾಮಿಕ್ ಪಕ್ಷಕ್ಕೆ ನಿಷೇಧ ಬಿತ್ತು. ಲಕ್ಷಾಂತರ ತಾಜಿಕರು ಕೂಲಿಗಾಗಿ ಈಗಲೂ ರಷ್ಯಕ್ಕೆ ಹೋಗುತ್ತಾರೆ. ರಷ್ಯದ ಸೇನಾನೆಲೆಯೂ ದುಶಾಂಬೆಯಲ್ಲಿ ಉಳಿದಿದೆ.

ಆದರೆ ಗಡಿಯ ಕಾವಲು ಬದಲಾಗಿದೆ. 1895ರಲ್ಲಿ ಎರಡು ಸಾಮ್ರಾಜ್ಯಗಳು ಪಂಜ್ ಮೇಲೆ ಗೆರೆ ಎಳೆದಂದಿನಿಂದ ಆ ದಡದಲ್ಲಿ ಮೊದಲು ತ್ಸಾರನ ಕೊಸಾಕರು, ಆಮೇಲೆ ಸೋವಿಯತ್ ಕಾವಲುಗಾರರು, ಸ್ವಾತಂತ್ರ್ಯದ ನಂತರವೂ ರಷ್ಯದ ಪಡೆಯವರು ನಿಂತಿದ್ದರು. 2005ರ ಜುಲೈನಲ್ಲಿ ಅವರು ಕೊನೆಯ ಠಾಣೆಗಳನ್ನು ಬಿಟ್ಟು ಹೊರಟರು. ಗೆರೆ ಎಳೆದ 110 ವರ್ಷಗಳ ಬಳಿಕ ಅದರ ಕಾವಲು ತಾಜಿಕರ ಕೈಗೆ ಬಂತು.